ಮರೆವಿಗೆ ಸಂದ ‘ಜ್ಯೋತಿ’

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯವರಿಗೆ ತಾಳಮದ್ದಳೆಯ ಪರಿಚಯವನ್ನು ಹೇಳಬೇಕಾಗಿಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಕಂಠ, ಮದ್ದಳೆಯ ನುಡಿತ, ಅರ್ಥಧಾರಿಯ ಮಾತು ಇಷ್ಟರಿಂದಲೇ ಒಂದು ಲೋಕವು ಕಣ್ಣೆದುರು ಮೂಡುತ್ತದೆ. ಚರ್ಮವಾದ್ಯವೂ ಮಾತನಾಡಬಲ್ಲುದೆಂದು ಬಲ್ಲ ಈ ಸೀಮೆಯ ರಸಿಕರು ಕೇಳಲೇಬೇಕಾದ, ಆದರೆ ಕನ್ನಡ ನಾಡು ಅಷ್ಟಾಗಿ ನೆನೆಯದ ಧ್ವನಿಮುದ್ರಿಕೆಯೊಂದುಂಟು. ಅದರ ಹೆಸರು ‘ಜ್ಯೋತಿ’.

1983ರ ಫೆಬ್ರವರಿಯಲ್ಲಿ ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ನಗರದಲ್ಲಿ ಮುದ್ರಿತವಾದ ಇದನ್ನು ಮ್ಯೂನಿಕ್ಕಿನ ಇ.ಸಿ.ಎಂ. ಸಂಸ್ಥೆ ಹೊರತಂದಿತು. ಕಲಾವಿದರಲ್ಲಿ ಒಬ್ಬರ ಹೊರತು ಉಳಿದವರೆಲ್ಲರೂ ‘ಕರ್ನಾಟಕ ಕಾಲೇಜ್ ಆಫ್ ಪರ್ಕಷನ್’ ಬಳಗದವರು. 1964ರಲ್ಲಿ ಬೆಂಗಳೂರಿನಲ್ಲಿ ಈ ತಾಳವಾದ್ಯ ಶಾಲೆಯನ್ನು ಸ್ಥಾಪಿಸಿದ ಟಿ.ಎ.ಎಸ್. ಮಣಿಯವರದು ಮೃದಂಗ; ಆರ್.ಎ. ರಾಜಗೋಪಾಲರದು ಘಟ, ಮೋರ್ಚಿಂಗ್, ಟಿ.ಎನ್. ಶಶಿಕುಮಾರರದು ಖಂಜಿರ. ಇವೆಲ್ಲದರ ನಡುವೆ ಬೆಳಗುವುದು ಆರ್.ಎ. ರಮಾಮಣಿಯವರ ಕಂಠ.

ಐದನೆಯವರು ಅಮೆರಿಕದ ಚಾರ್ಲಿ ಮರಿಯಾನೊ. 1923ರಲ್ಲಿ ಬಾಸ್ಟನ್ನಿನಲ್ಲಿ ಜನಿಸಿ 2009ರಲ್ಲಿ ನಿಧನರಾದ ಇವರು ಸ್ಯಾಕ್ಸೊಫೋನಿನ ಪ್ರವೀಣರು. ಜಾಝ್ ಲೋಕದ ದಿಗ್ಗಜ ಚಾರ್ಲ್ಸ್ ಮಿಂಗಸ್ಸರು 1963ರಲ್ಲಿ ಮಾಡಿದ ಪ್ರಸಿದ್ಧ ಮುದ್ರಿಕೆಯಲ್ಲಿ ಬ್ಲೂಸಿನ ಅಳಲನ್ನೆಲ್ಲ ತಮ್ಮ ವಾದ್ಯಕ್ಕೆ ತುಂಬಿದವರು. ಬ್ಲೂಸ್ ಎಂಬುದು ಅಮೆರಿಕದ ಕರಿಯ ಜನರ ನೋವಿನಿಂದ ಹುಟ್ಟಿದ ಗಾನ. ಅದರಲ್ಲಿ ಸ್ವರವು ನೇರವಾಗಿ ನಿಲ್ಲದೆ ಬಾಗುತ್ತದೆ, ಜಾರುತ್ತದೆ. ನಮ್ಮ ಗಮಕಕ್ಕೂ ಇದಕ್ಕೂ ವಂಶ ಬೇರೆಯಾದರೂ ನಡೆಯಲ್ಲಿ ಹೋಲಿಕೆಯುಂಟು. ನಾಗಸ್ವರದ ಮೋಹದಿಂದ ದಕ್ಷಿಣ ಭಾರತಕ್ಕೆ ಬಂದು ಶಿಷ್ಯವೃತ್ತಿ ಕೈಗೊಂಡ ಮರಿಯಾನೊ ಈ ಹೋಲಿಕೆಯನ್ನು ಪುಸ್ತಕದಿಂದಲ್ಲ, ಉಸಿರಿನಿಂದ ಅರಿತರು.

‘ಜ್ಯೋತಿ’ಯಲ್ಲಿ ಪಿಯಾನೊ ಇಲ್ಲ, ಗಿಟಾರ್ ಇಲ್ಲ. ಮೊದಲು ಕೇಳಿಬರುವುದು ರಮಾಮಣಿಯವರ ಏಕಾಂಗಿ ಕಂಠ. ಅನಂತರದ ರಚನೆಗಳಲ್ಲಿ ಸ್ಯಾಕ್ಸೊಫೋನ್ ಮತ್ತು ಕೊಳಲು ಆ ಕಂಠದೊಡನೆ ಸಂವಾದಕ್ಕೆ ತೊಡಗುತ್ತವೆ. ಕೊನ್ನಕ್ಕೋಲು, ಎಂದರೆ ಮೃದಂಗದ ಸೊಲ್ಲುಗಳನ್ನು ಬಾಯಿಂದ ನುಡಿಯುವ ವಿದ್ಯೆ, ಇಲ್ಲಿ ಅಲಂಕಾರವಲ್ಲ. ಮಾತಿಗೆ ಮಾತು ಕೊಡುವ ಸಮಾನ ಪಾತ್ರ.

ಇಂತಹ ಕೃತಿಯು ಮರೆವಿಗೆ ಸಂದುದೇಕೆ? ಸಂಗೀತ ಸಭೆಯ ಶ್ರೋತೃಗಳಿಗೆ ಇದು ಕಛೇರಿಯಾಗಿ ತೋರದು. ಜಾಝ್‌ಪ್ರಿಯರಿಗೆ ಪೂರ್ಣ ಜಾಝ್ ಎನಿಸದು. ಯಾವ ಮನೆಗೂ ಸಲ್ಲದ ಕೂಸನ್ನು ಎತ್ತಿಕೊಳ್ಳುವವರು ವಿರಳ.

ಆದರೆ ಇಂದು ‘ಫ್ಯೂಷನ್’ ಎಂಬ ಹೆಸರಿನಲ್ಲಿ ಎರಡು ಕಲೆಗಳನ್ನು ಅವಸರವಾಗಿ ಬೆಸೆಯುವುದು ವಾಡಿಕೆಯಾಗಿದೆ. ಯಕ್ಷಗಾನದ ಹಿಮ್ಮೇಳಕ್ಕೆ ಹೊಸ ವಾದ್ಯಗಳನ್ನು ಸೇರಿಸಬಹುದೇ ಎಂಬ ವಾದವೂ ಹಳೆಯದೇನಲ್ಲ. ಸೇರಿಸಬಹುದೋ ಬಾರದೋ ಎಂಬುದಕ್ಕಿಂತ, ಸೇರುವವನು ಎಷ್ಟು ಕಾಲ ಕೇಳಿ ಕಲಿತಿದ್ದಾನೆ ಎಂಬ ಪ್ರಶ್ನೆಯೇ ಮುಖ್ಯವೆಂದು ‘ಜ್ಯೋತಿ’ ತೋರಿಸಿಕೊಡುತ್ತದೆ. ಅತಿಥಿಯು ಇಲ್ಲಿ ಮನೆಯ ಯಜಮಾನಿಕೆಯನ್ನು ಬಯಸಲಿಲ್ಲ. ಮನೆಯವರೂ ಅತಿಥಿಗಾಗಿ ತಮ್ಮ ತಾಳವನ್ನು ಸಡಿಲಿಸಲಿಲ್ಲ. ಬೆಸುಗೆ ಬಾಳುವುದು ಇಂತಹ ಮರ್ಯಾದೆಯಿಂದಲೇ.