ಮುರಕಲ್ಲಿನ ಗೋಡೆ

ಮಂಗಳೂರಿನ ಶಕ್ತಿನಗರದ ಕಡೆಗೆ ಹೋದಾಗ ಹಳೆಯ ಶಾಲೆಗಳ ಮುರಕಲ್ಲಿನ ಗೋಡೆಗಳನ್ನು ನಾನು ನಿಂತು ನೋಡುವುದುಂಟು. ಈ ಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ. ನೆಲದೊಳಗಿರುವಾಗ ಅದು ಕೊಡಲಿಗೆ ಮಣಿಯುವಷ್ಟು ಮೃದು. ಗಾಳಿ ತಾಗಿದಂತೆ ಬಿಗಿಯುತ್ತದೆ. ಆ ವಿದ್ವಾಂಸನು ಬರೆದಿಟ್ಟ ಈ ಗುಣವನ್ನು ನಮ್ಮ ಕಲ್ಲು ಕಡಿಯುವವರು ಅದಕ್ಕೂ ಮೊದಲೇ ಬಲ್ಲರು. ಶಿಲಾನ್ಯಾಸದ ಫಲಕದಲ್ಲಿ ಅವರ ಹೆಸರಿಲ್ಲ. ಅಲ್ಲಿರುವುದು, ವಾಡಿಕೆಯಂತೆ, ಗಣ್ಯರದು. ಆದರೆ ಕೈಯಿಂದ ಕಡಿದ ಕಲ್ಲಿನ ಮೈಮೇಲೆ ಕೊಡಲಿಯ ಓರೆಗೆರೆಗಳಿವೆ. ಒಬ್ಬನ ಕೈಯ ವರಸೆ ಇನ್ನೊಬ್ಬನದಲ್ಲ. ಯಂತ್ರದ ಗರಗಸ ಕೊಯ್ದ ಕಲ್ಲಿನಲ್ಲಿ ಈ ಗುರುತು ಕಾಣದು. ಅಂಥ ಗೋಡೆಗೆ ಅಂದಕ್ಕೆಂದು ಸಿಮೆಂಟಿನ ಸಾರಣೆ ಮಾಡುವುದು, ನನ್ನ ಕಣ್ಣಿಗೆ, ತಾಳೆಗರಿಯ ಮೇಲೆ ಸುಣ್ಣ ಬಳಿದಂತೆ. ಸಾರಣೆಗೆ ಮುನ್ನ ನಮ್ಮ ಉಪಾಧ್ಯಾಯರು ಮಕ್ಕಳಿಂದ ಆ ಗೆರೆಗಳ ಪಡಿಯಚ್ಚನ್ನಾದರೂ ಕಾಗದದ ಮೇಲೆ ತೆಗೆಯಿಸಬಾರದೆ?