ಹಕ್ ಹರಿದ ಕಾಗದ

ಪರದೇಶದ ಕಾದಂಬರಿಯೊಂದು ನಮ್ಮನ್ನು ಎಲ್ಲಿ ತಟ್ಟೀತು ಎಂಬುದನ್ನು ಮುಂಚಿತವಾಗಿ ಹೇಳುವುದು ಕಷ್ಟ. ಶಿಕಾರಿಪುರದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಇದು ನನ್ನ ಅನುಭವಕ್ಕೆ ಬಂದಿತು. ವಿದ್ಯಾರ್ಥಿಗಳಲ್ಲಿ ಹಲವರು ಸೊರಬದ ಕಡೆಯಿಂದ ಬಸ್ಸಿನಲ್ಲಿ ಬರುವವರು. ಗದ್ದೆ ತೋಟಗಳ ಮನೆಯ ಮಕ್ಕಳು. ನಮ್ಮ ಮುಂದಿದ್ದ ಕೃತಿ ಮಾರ್ಕ್ ಟ್ವೇನನ 'ಹಕಲ್‌ಬರಿ ಫಿನ್'.

ಕಥೆ ಅನೇಕರಿಗೆ ಗೊತ್ತಿರುವುದೇ. ಕುಡುಕ ತಂದೆಯಿಂದ ತಪ್ಪಿಸಿಕೊಂಡ ಹುಡುಗ ಹಕ್, ಒಡತಿಯ ಮನೆಯಿಂದ ಓಡಿಬಂದ ಗುಲಾಮ ಜಿಮ್, ಇಬ್ಬರೂ ಮಿಸಿಸಿಪ್ಪಿ ನದಿಯಲ್ಲಿ ತೆಪ್ಪದ ಮೇಲೆ ತೇಲಿಹೋಗುತ್ತಾರೆ. ಅಮೆರಿಕದಲ್ಲಿ ಗುಲಾಮಗಿರಿ ರದ್ದಾದದ್ದು 1865ರಲ್ಲಿ. ಪುಸ್ತಕ ಅಲ್ಲಿ ಪ್ರಕಟವಾದದ್ದು 1885ರಲ್ಲಿ. ಆದರೆ ಕಥೆ ನಡೆಯುವುದು ಗುಲಾಮಗಿರಿ ಇನ್ನೂ ಶಾಸನಸಮ್ಮತವಾಗಿದ್ದ ಕಾಲದಲ್ಲಿ. ಗುಲಾಮನ ಪಲಾಯನಕ್ಕೆ ನೆರವಾಗುವುದೆಂದರೆ ಆಗ ಕಳ್ಳತನಕ್ಕೆ ಸಮ. ಹಕ್‌ನಿಗೆ ಪಾಪಭೀತಿ ಹಿಡಿಯುತ್ತದೆ. ಜಿಮ್ ಎಲ್ಲಿದ್ದಾನೆಂದು ಒಡತಿಗೆ ತಿಳಿಸಲು ಕಾಗದ ಬರೆಯುತ್ತಾನೆ. ಬರೆದೊಡನೆ ಪಾಪ ತೊಳೆದುಹೋದಂತೆ ಮನಸ್ಸು ಹಗುರವಾಗುತ್ತದೆ. ಆಮೇಲೆ, ತನ್ನನ್ನು ಎಬ್ಬಿಸದೆ ತನ್ನ ಸರದಿಯ ಕಾವಲನ್ನೂ ತಾನೇ ಕಾಯುತ್ತಿದ್ದ ಜಿಮ್‌ನ ನೆನಪಾಗುತ್ತದೆ. ನರಕಕ್ಕೆ ಹೋದರೂ ಚಿಂತೆಯಿಲ್ಲವೆಂದು ಹುಡುಗ ಕಾಗದವನ್ನು ಹರಿದುಹಾಕುತ್ತಾನೆ.

ಈ ಸಂದರ್ಭಕ್ಕೆ ನಾನು ಅನೇಕ ವರ್ಷ ಬರೆಸುತ್ತಿದ್ದ ಟಿಪ್ಪಣಿ ಒಂದೇ: ಹಕ್ ಸಮಾಜದ ಕಟ್ಟಳೆಯನ್ನು ಮೀರಿ ಅಂತಃಸಾಕ್ಷಿಗೆ ಓಗೊಟ್ಟನು. ಪರೀಕ್ಷೆಯಲ್ಲಿ ಅದಕ್ಕೆ ಒಳ್ಳೆಯ ಅಂಕಗಳೂ ಬರುತ್ತಿದ್ದವು. ಆ ವರ್ಷ ಸೊರಬದ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ಸ್ವಲ್ಪ ತಡೆದು, ಹೇಳಿದಳು: "ಸಾರ್, ಗದ್ದೆ ಕೆಲಸಕ್ಕೆ ಬರೋರಿಗೆ ನಮ್ಮನೇಲಿ ಬೇರೆ ಲೋಟ ಇಟ್ಟಿದ್ದಾರೆ. ದಿನಾ ಅದರಲ್ಲೇ ಕಾಫಿ ಕೊಡ್ತೀನಿ, ಏನೂ ಅನ್ನಿಸಲ್ಲ. ಒಂದಿನ ಮರೆತು ಒಳಗಿನ ಲೋಟದಲ್ಲಿ ಕೊಟ್ಟುಬಿಟ್ಟೆ. ತಪ್ಪು ಮಾಡಿದೆ ಅಂತ ಅವತ್ತು ರಾತ್ರಿ ನಿದ್ದೆ ಬರಲಿಲ್ಲ."

ತರಗತಿ ನಿಶ್ಶಬ್ದವಾಯಿತು. ನನ್ನ ಟಿಪ್ಪಣಿ ತಲೆಕೆಳಗಾಗಿದೆಯೆಂದು ಆಗ ಹೊಳೆಯಿತು. ಹಕ್ ಅಂತಃಸಾಕ್ಷಿಯ ಮಾತು ಕೇಳಿದ್ದು ಕಾಗದ ಬರೆದಾಗ, ಹರಿದಾಗ ಅಲ್ಲ. ಅವನ ಅಂತಃಸಾಕ್ಷಿಯೇ ಗುಲಾಮರ ಒಡೆಯರ ವಶದಲ್ಲಿತ್ತು. ತೆಪ್ಪದ ಮೇಲೆ ಒಡತಿಯಿಲ್ಲ, ಪೊಲೀಸರಿಲ್ಲ, ಪಾದ್ರಿಯಿಲ್ಲ. ಆದರೂ ಅಧಿಕಾರ ಪೂರ್ತಿಯಾಗಿ ಹಾಜರಿದೆ, ಹುಡುಗನ ಒಳಗೆ. ತಾನು ಮಾಡುತ್ತಿರುವುದು ಒಳ್ಳೆಯದೆಂದು ಕಾಗದ ಹರಿಯುವಾಗಲೂ ಅವನಿಗೆ ತಿಳಿದಿಲ್ಲ. ಅವನಿಗೆ ತಿಳಿಯದ್ದು ಓದುಗನಿಗೆ ತಿಳಿಯುತ್ತದೆ. ಕಾದಂಬರಿಯ ಶಕ್ತಿ ಇರುವುದು ಅಲ್ಲಿ.

ಚರ್ಚೆ ಮುಂದುವರಿದಂತೆ ಒಬ್ಬ ಹುಡುಗ ಈಸೂರಿನ ಮಾತೆತ್ತಿದ. ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿ 1942ರಲ್ಲಿ ತಾನು ಸ್ವತಂತ್ರವೆಂದು ಸಾರಿ, ಬಾಲಕರನ್ನೇ ಅಮಲ್ದಾರ, ಸಬ್‌ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡಿತು. ಘರ್ಷಣೆಯಲ್ಲಿ ಸರ್ಕಾರದ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರರೂ ಹತರಾದರು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. "ಇದು ಹಕ್‌ನದಕ್ಕಿಂತ ದೊಡ್ಡ ಬಂಡಾಯ ಅಲ್ವಾ ಸಾರ್?" ತೆತ್ತ ಬೆಲೆಯಿಂದ ಅಳೆದರೆ ನಿಸ್ಸಂಶಯವಾಗಿ ದೊಡ್ಡದು. ಆದರೆ ಈಸೂರಿನವರಿಗೆ ಎದುರಾಳಿ ಕಣ್ಣಿಗೆ ಕಾಣುತ್ತಿದ್ದ. ನ್ಯಾಯ ತಮ್ಮ ಕಡೆಗಿದೆಯೆಂಬ ನಂಬಿಕೆಯಿತ್ತು. ಹಕ್‌ನಿಗೆ ಇವೆರಡೂ ಇರಲಿಲ್ಲ.

ಮತ್ತೊಬ್ಬಳು ಅದೇ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯನ್ನು ನೆನೆದು, ನಾವು ಮೊದಲೇ ಓದಿದ್ದ ಹಾಥಾರ್ನನ ಹೆಸ್ಟರ್ ಪ್ರಿನ್‌ಳ ಪಕ್ಕದಲ್ಲಿ ನಿಲ್ಲಿಸಿದಳು. 1850ರ ಆ ಕಾದಂಬರಿಯಲ್ಲಿ, ವ್ಯಭಿಚಾರದ ಗುರುತಾಗಿ ಎದೆಯ ಮೇಲೆ ಕೆಂಪು ಅಕ್ಷರವನ್ನು ಧರಿಸಬೇಕೆಂದು ಊರು ವಿಧಿಸಿದರೆ, ಹೆಸ್ಟರ್ ಅದಕ್ಕೆ ಚಿನ್ನದ ಎಳೆಯ ಕಸೂತಿ ಹಾಕುತ್ತಾಳೆ. ಅವಳ ಸೇವೆಯನ್ನು ಕಂಡ ಊರು ಕಾಲಾಂತರದಲ್ಲಿ ಆ ಅಕ್ಷರಕ್ಕೆ ಬೇರೆ ಅರ್ಥವನ್ನೇ ಹೇಳತೊಡಗುತ್ತದೆ. ಅಕ್ಕನಾದರೋ ಲೋಕ ಕೊಟ್ಟ ಗುರುತನ್ನೆಲ್ಲ, ಉಡುಗೆಯನ್ನೂ ಸೇರಿಸಿ, ಕಳಚಿ ಹೊರಟವಳು. ತಾನು ಯಾರೆಂದು ಹೇಳಿಕೊಳ್ಳಲು ಅವಳಿಗೆ ಮಾತಿತ್ತು. ಆ ಮಾತನ್ನು ಕೇಳಲು ಕಲ್ಯಾಣದಲ್ಲಿ ಶರಣರಿದ್ದರು. ಹಕ್‌ನ ಬಳಿ ಅಂಥ ಮಾತಿಲ್ಲ. ಇರುವುದು ಗೆಳೆಯನೊಬ್ಬನ ನೆನಪು ಮಾತ್ರ.

ಟ್ವೇನನ ಪುಸ್ತಕವನ್ನು 1885ರಲ್ಲೇ ಕಾನ್‌ಕಾರ್ಡ್ ಎಂಬ ಊರಿನ ಸಾರ್ವಜನಿಕ ಗ್ರಂಥಾಲಯ, ಅದು ಒರಟೆಂದು ಹೊರಗಿಟ್ಟಿತು. ಗುಲಾಮಗಿರಿಯನ್ನು ಪೋಷಿಸುವ ಸರ್ಕಾರಕ್ಕೆ ತೆರಿಗೆ ಕೊಡಲಾರೆನೆಂದು 1846ರಲ್ಲಿ ಒಂದು ರಾತ್ರಿ ಸೆರೆಯಲ್ಲಿದ್ದ ಥೋರೋನ ಹುಟ್ಟೂರು ಅದೇ. ಉಡುತಡಿ, ಈಸೂರುಗಳನ್ನು ಹೆಮ್ಮೆಯಿಂದ ನೆನೆಯುವ ನಾವು ಇದನ್ನು ಗಮನಿಸಬೇಕು. ಬಂಡಾಯ ಪಿತ್ರಾರ್ಜಿತವಾಗಿ ಬರುವ ಸ್ವತ್ತಲ್ಲ.

ಆ ವಿದ್ಯಾರ್ಥಿನಿ ಮನೆಯಲ್ಲಿ ಲೋಟವನ್ನು ಬದಲಿಸಿದಳೇ ಎಂದು ನಾನು ಕೇಳಲಿಲ್ಲ. ಕೇಳುವ ಯೋಗ್ಯತೆ ನನಗಿರಲಿಲ್ಲ. ನಮ್ಮ ಮನೆಯ ಹಿತ್ತಿಲ ಗೂಡಿನಲ್ಲೂ ಅಂಥದೊಂದು ಲೋಟವನ್ನು ಮಗುಚಿಟ್ಟಿತ್ತು. ಟಿಪ್ಪಣಿಯನ್ನು ನಾನು ಮರುದಿನವೇ ತಿದ್ದಿ ಬರೆಸಿದೆ. ಲೋಟವನ್ನು ಒಳಗೆ ತರಲು ಇನ್ನೂ ಒಂದು ವರ್ಷ ಹಿಡಿಯಿತು.