ಜರ್ಬೆರಾ ಸೊರಗಿದರೆ ಬೇರು ನೋಡಿ

ಗೊಬ್ಬರ, ನೀರು ಎರಡಕ್ಕೂ ಕೊರತೆಯಿಲ್ಲ. ಆದರೂ ಪಾಲಿಹೌಸಿನ ಒಂದು ಮಡಿಯಲ್ಲಿ ಜರ್ಬೆರಾ ಗಿಡಗಳು ಗಿಡ್ಡಗಾಗಿ, ಎಲೆ ಹಳದಿಯಾಗಿ, ಮಧ್ಯಾಹ್ನದ ಹೊತ್ತಿಗೆ ಬಾಡುತ್ತವೆ. ಹೂ ಸಣ್ಣದು, ದಂಟು ಮೋಟು. ಪೋಷಕಾಂಶದ ಕೊರತೆಯೆಂದು ಡ್ರಿಪ್‌ನಲ್ಲಿ ಇನ್ನಷ್ಟು ಗೊಬ್ಬರ ಬಿಡುವುದುಂಟು. ಅದರ ಬದಲು ಒಂದು ಗಿಡ ಕಿತ್ತು ಬೇರು ತೊಳೆದು ನೋಡಬೇಕು. ಜರ್ಬೆರಾ ದ್ವಿದಳ ಧಾನ್ಯದ ಕುಟುಂಬದ್ದಲ್ಲ, ಅದರ ಬೇರಿನಲ್ಲಿ ಸಾರಜನಕದ ಗಂಟುಗಳಿರುವುದಿಲ್ಲ. ಗಂಟು ಕಂಡರೆ ಮೊದಲು ಅನುಮಾನಿಸಬೇಕಾದದ್ದು ಬೇರುಗಂಟು ಜಂತುಹುಳುವನ್ನು. ಬೆಳೆಗಾರರ ಮಾತಿನಲ್ಲಿ ನೆಮಟೋಡ್.

ನಮ್ಮಲ್ಲಿ ಹೆಚ್ಚು ಕಾಡುವ ಜಾತಿ ಮೆಲಾಯ್ಡೊಗೈನಿ ಇನ್‌ಕಾಗ್ನಿಟಾ. ಮೊಟ್ಟೆಯೊಡೆದು ಬಂದ ಮರಿ ಅರ್ಧ ಮಿಲಿಮೀಟರಿಗಿಂತ ಚಿಕ್ಕದು. ಬೇರಿನ ತುದಿಯ ಬಳಿ ಒಳನುಗ್ಗಿ, ಆಹಾರ ಸಾಗುವ ನಾಳಗಳ ಪಕ್ಕ ನೆಲೆಸಿ, ಜೀವಕೋಶಗಳಿಗೆ ತನ್ನ ಸ್ರಾವವನ್ನು ಚುಚ್ಚುತ್ತದೆ. ಆ ಕೋಶಗಳಲ್ಲಿ ಕೋಶಕೇಂದ್ರ ಮತ್ತೆ ಮತ್ತೆ ವಿಭಜಿಸುತ್ತದೆ, ಕೋಶ ಮಾತ್ರ ಎರಡಾಗುವುದಿಲ್ಲ. ಹೀಗೆ ಉಬ್ಬಿದ ದೈತ್ಯಕೋಶಗಳೇ ಹುಳುವಿನ ಊಟ. ಸುತ್ತಲಿನ ಅಂಗಾಂಶ ಊದಿಕೊಂಡು ಗಂಟಾಗುತ್ತದೆ. ನೀರು, ಲವಣ ಮೇಲೇರುವ ದಾರಿ ಕಟ್ಟುತ್ತದೆ. ಹೆಣ್ಣು ಅಲ್ಲಿಯೇ ಪೇರಳೆಯಾಕಾರಕ್ಕೆ ಉಬ್ಬಿ, ಗಂಡಿನ ಸಂಪರ್ಕವಿಲ್ಲದೆಯೇ ಅಂಟು ಚೀಲವೊಂದರಲ್ಲಿ ನೂರಾರು ಮೊಟ್ಟೆಯಿಡುತ್ತದೆ. ಬೆಚ್ಚನೆಯ ಮಣ್ಣಿನಲ್ಲಿ ಸುಮಾರು ಒಂದು ತಿಂಗಳಿಗೆ ಒಂದು ಪೀಳಿಗೆ. ಹುಳು ಕೊರೆದ ಗಾಯದಿಂದ ಫೈಟಾಫ್ತೊರಾದಂಥ ಕೊಳೆರೋಗಾಣುಗಳೂ ಸುಲಭವಾಗಿ ಒಳಸೇರುತ್ತವೆ.

ಮಳೆ, ಬಿಸಿಲನ್ನು ತಡೆಯುವ ಪಾಲಿಹೌಸ್ ಈ ಹುಳುವಿಗೂ ಅಷ್ಟೇ ಅನುಕೂಲ. ವರ್ಷವಿಡೀ ಬೆಚ್ಚನೆಯ, ತೇವದ ಮಣ್ಣು. ಎರಡು ಮೂರು ವರ್ಷ ಕದಲದ ಅದೇ ಬೆಳೆ. ಸೋಂಕಿದ ಸಸಿ, ಹೊರಗಿನಿಂದ ತಂದು ಸುರಿದ ಕೆಂಪು ಮಣ್ಣು, ಗುದ್ದಲಿ, ಚಪ್ಪಲಿ: ಇವುಗಳಲ್ಲಿ ಯಾವುದರ ಜೊತೆಗಾದರೂ ಅದು ಒಳಬರಬಹುದು.

ಹಿಂದೆ ಮೀಥೈಲ್ ಬ್ರೋಮೈಡ್ ಅನಿಲದಿಂದ ಮಣ್ಣನ್ನು ಶುದ್ಧಿ ಮಾಡುತ್ತಿದ್ದರು. ಅದು ಓಝೋನ್ ಪದರಕ್ಕೆ ಹಾನಿ ಮಾಡುವುದರಿಂದ ಮಾಂಟ್ರಿಯಲ್ ಒಪ್ಪಂದದಡಿ ಮಣ್ಣಿಗೆ ಅದರ ಸಾಮಾನ್ಯ ಬಳಕೆಯನ್ನು ಮುಂದುವರಿದ ದೇಶಗಳು 2005ಕ್ಕೆ, ಉಳಿದವು 2015ಕ್ಕೆ ಕೈಬಿಡಬೇಕಾಯಿತು. ಈಗ ಉಳಿದಿರುವುದು ನಿಧಾನದ ದಾರಿಗಳು. ನಾಟಿಗೆ ಮೊದಲು, ಬೇಸಿಗೆಯಲ್ಲಿ ಮಡಿಗೆ ನೀರು ಹಾಯಿಸಿ ನಾಲ್ಕಾರು ವಾರ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದರೆ, ಮೇಲ್ಮಣ್ಣು ಕಾದು ಮೊಟ್ಟೆ, ಮರಿ ಸಾಯುತ್ತವೆ. ಬೇವಿನ ಹಿಂಡಿ, ಕೊಟ್ಟಿಗೆ ಗೊಬ್ಬರದಲ್ಲಿ ಟ್ರೈಕೊಡರ್ಮಾ, ಪೊಕೋನಿಯಾ, ಪರ್ಪ್ಯುರಿಯೊಸಿಲಿಯಂ ಶಿಲೀಂಧ್ರಗಳನ್ನು ಬೆಳೆಸಿ ಮಣ್ಣಿಗೆ ಸೇರಿಸುವ ವಿಧಾನವನ್ನು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದಿದೆ. ಕೊನೆಯ ಎರಡು ಹುಳುವಿನ ಮೊಟ್ಟೆಗಳನ್ನೇ ತಿನ್ನುತ್ತವೆ. ಸುಗಂಧರಾಜದಲ್ಲಿ ಬೇರುಗಂಟನ್ನು ತಾಳಿಕೊಳ್ಳುವ ‘ಶೃಂಗಾರ್’ ತಳಿಯೂ ಅದೇ ಸಂಸ್ಥೆಯ ಕೊಡುಗೆ.

ಒಮ್ಮೆ ಮಡಿಗೆ ಸೇರಿದ ಹುಳುವನ್ನು ಪೂರ್ತಿ ನಿರ್ಮೂಲ ಮಾಡುವ ಔಷಧಿಯಿಲ್ಲ. ಸಂಖ್ಯೆಯನ್ನು ಹತೋಟಿಯಲ್ಲಿಡಬಹುದು, ಅಷ್ಟೇ. ಆದ್ದರಿಂದ ನಾಟಿಗೆ ಮೊದಲೇ ಮಣ್ಣನ್ನು ಜಂತುಹುಳು ಪರೀಕ್ಷೆಗೆ ಕಳಿಸಿ. ನರ್ಸರಿಯಿಂದ ಬಂದ ಸಸಿಗಳಲ್ಲಿ ಕೆಲವನ್ನಾದರೂ ಬೇರು ತೊಳೆದು ನೋಡಿ. ಗಂಟಿದ್ದರೆ ಆ ಸಸಿಗಳನ್ನು ಪಾಲಿಹೌಸಿನೊಳಗೆ ತರಲೇಬೇಡಿ.